ಪಿಎಫ್ ಅರ್ಜಿಗೊಂದು ಕಾರಣ

ಸಂಜೆ ಆರರೊಳಗೆ ಭರತೇಶ ಒಂದು ಮಾತು ಕೊಡಲೇಬೇಕಾಗಿತ್ತು. ಹೆಂಡತಿಯ ತಮ್ಮ ಶ್ರೀಪಾಲ ಹುಪರಿಯಲ್ಲಿ ಬೆಳ್ಳಿ ಗೆಜ್ಜೆಗೆ ಹೊಳಪು ಕೊಡುವ ಸಣ್ಣ ಕಾರಖಾನೆಯೊಂದನ್ನು ಕೊಳ್ಳುವವನಿದ್ದ. ಅವನದೊಂದು ಲಕ್ಷ, ಭರತೇಶನದೊಂದು ಲಕ್ಷ. ಆದರೆ ಭರತೇಶನ ಲಕ್ಷವಿದ್ದುದು ಪಿಎಫ್ ಖಾತೆಯಲ್ಲಿ. ಇಚಲಕರಂಜಿಯ ಸೈಜಿಂಗ್ ಗಿರಣಿಯಲ್ಲಿ ನೂಲಿಗೆ ಗಂಜಿ ಹಾಕುತ್ತ ಇಪ್ಪತ್ತೆರಡು ವರ್ಷ ಕೂಡಿಸಿದ ಹಣ. ನಿವೃತ್ತಿಗೆ ಇನ್ನೂ ಎಂಟು ವರ್ಷ. ಈಗಲೇ ತೆಗೆದರೆ ಮುಪ್ಪಿಗೆ ಗತಿಯೇನು? ತೆಗೆಯದಿದ್ದರೆ ಮುಪ್ಪಿನವರೆಗೂ ಗಂಜಿಯೇ?

ಮಧ್ಯಾಹ್ನ ಒಂದು ತಾಸಿನ ರಜೆ ಕೇಳಿಕೊಂಡು, ಆನ್‌ಲೈನ್ ಅರ್ಜಿ ತುಂಬುವ ವೃಷಾಲಿಯ ಅಂಗಡಿಗೆ ಹೋದ.

"ಯಾತಕ್ಕ ತಗೀತೀರಿ ಕಾಕಾ? ಮನಿ ಕಟ್ಟೂದು, ಮದಿವಿ, ಜಡ್ಡು-ದವಾಖಾನಿ, ಇದ್ರಾಗ ಒಂದು ಹೇಳ್ರಿ."

"ದಂಧೆ ಅಂತ ಇಲ್ಲೇನು?"

"ಇಲ್ರಿ. ಜಡ್ಡು ಅಂತ ಹಾಕಲೇನು? ಲಗೂ ಆಗತೈತಿ."

ಲೈಟ್ ಬಿಲ್ ಕಟ್ಟಲು ಬಂದಿದ್ದ ಗಿರಣಿಯ ದತ್ತಾ ಇಷ್ಟನ್ನು ಕೇಳಿ ಸರಸರನೆ ಹೊರಟುಹೋದ. "ಬ್ಯಾಡ, ತಡಿ. ವಿಚಾರ ಮಾಡತೇನಿ" ಎಂದು ಭರತೇಶ ಅಂದದ್ದನ್ನು ಕೇಳಲು ಅವನು ಅಲ್ಲಿರಲಿಲ್ಲ.

ಭರತೇಶ ಚಹದಂಗಡಿಯಲ್ಲಿ ಕುಳಿತು ಲಾಭನಷ್ಟವನ್ನು ಎರಡು ಸಲ ಬರೆದ. ಎರಡು ಸಲವೂ ಬೇರೆ ಬೇರೆ ಉತ್ತರ ಬಂತು. ಗಿರಣಿಗೆ ಮರಳುವಷ್ಟರಲ್ಲಿ ಸುದ್ದಿ ಬೀಮಿನ ಉರುಳೆಗೆ ನೂಲಿನಂತೆ ಬಿಗಿಯಾಗಿ ಸುತ್ತಿಕೊಂಡಿತ್ತು. ಮಾಲಕ ಕಾಕಾಸಾಹೇಬರು ತಾವೇ ಕುರ್ಚಿ ಎಳೆದು ಕೊಟ್ಟರು.

"ಕೂಡು ಭರತೇಶ. ಎಷ್ಟನೇ ಸ್ಟೇಜು?"

"ಯಾತರದ್ರಿ ಮಾಲಕ್ರ?"

"ನನ್ನ ಮುಂದ ಮುಚ್ಚಿಡಬ್ಯಾಡೋ. ನಾಳಿಂದ ಮನ್ಯಾಗ ಆರಾಮ ಇರು. ನಿನ್ನ ಮಷಿನ್ ದತ್ತಾ ನೋಡತಾನ."

"ನನಗೇನೂ ಆಗಿಲ್ರಿ!"

"ಹಿಂಗ ಅನ್ನಾವ್ರ ಕೇಸ್ ಭಾಳ ಮುಂದ ಹೋಗಿರತೈತ್ರಿ" ಎಂದು ದತ್ತಾ ನಿಟ್ಟುಸಿರಿಟ್ಟ.

ಭರತೇಶ ಗಂಜಿಹಿಟ್ಟಿನ ಚೀಲವೊಂದನ್ನು ಹೆಗಲಿಗೇರಿಸಿ ಅಂಗಳ ಸುತ್ತಿ ಬಂದ.

"ನೋಡ್ರಿ, ಹೆಂಗ ತೇಕತಾನ!" ಎಂದ ದತ್ತಾ.

ಕೊನೆಗೆ ಶ್ರೀಪಾಲನ ಕಾರಖಾನೆಯ ಸಂಗತಿಯನ್ನೆಲ್ಲ ಬಿಚ್ಚಿಟ್ಟ ಮೇಲೆಯೇ ಮಾಲಕರು ನಂಬಿದರು. ನಾಳೆ ಡ್ಯೂಟಿಗೆ ಬಾ ಎಂದರು. ಆದರೆ ಆ ಕುರ್ಚಿಯಲ್ಲಿ ಕುಳಿತ ಹತ್ತು ನಿಮಿಷದಲ್ಲೇ ಭರತೇಶನ ಲೆಕ್ಕಕ್ಕೆ ಒಂದೇ ಉತ್ತರ ಸಿಕ್ಕಿತ್ತು. ಇಲ್ಲದ ಜಡ್ಡಿಗೇ ಕೆಲಸ ಹೋಗುವುದಾದರೆ, ನಿಜವಾದ ಜಡ್ಡಿನ ದಿನ ಕೈಯಲ್ಲಿ ಏನಿರುತ್ತದೆ? ಪಿಎಫ್ ಮುಟ್ಟಬಾರದು. ಶ್ರೀಪಾಲನಿಗೆ ಏಳು ಸಲ ಫೋನ್ ಮಾಡಿದ. ಸ್ವಿಚ್ ಆಫ್.

ಆರಕ್ಕೆ ಹತ್ತು ನಿಮಿಷವಿರುವಾಗ ಮನೆ ಸೇರಿದ. ಬಾಗಿಲ ಮುಂದೆ ಓಣಿಯವರ ಚಪ್ಪಲಿಗಳ ರಾಶಿ. ದತ್ತಾನ ಫೋನು ಬಂದಾಗಿನಿಂದ ಹೆಂಡತಿ ರತ್ನಮಾಲಾ ಅಳುತ್ತಲೇ ಇದ್ದಳು. ಅವಳ ಪಕ್ಕದಲ್ಲಿದ್ದ ಶ್ರೀಪಾಲ ಭಾವನನ್ನು ಕಂಡೊಡನೆ ಎದ್ದ.

"ದಾಜೀ, ನಿಂದ್ರಬ್ಯಾಡ್ರಿ, ಕೂಡ್ರಿ!"

"ಶ್ರೀಪಾಲ, ನಾ ಪಿಎಫ್ ತಗಿಯೂದಿಲ್ಲಪಾ. ಕಾರಖಾನ್ಯಾಗ ನನಗ ಪಾಲು ಬ್ಯಾಡ."

"ಕಾರಖಾನಿ ಹೋಗ್ಲಿ ಬಿಡ್ರಿ. ಅಕ್ಕ ಫೋನ್ ಮಾಡಿದ ಕೂಡ್ಲೆ ನನ್ನ ಲಕ್ಷ ರೂಪಾಯಿ ಒಯ್ದು ಕೊಲ್ಲಾಪುರದ ದವಾಖಾನ್ಯಾಗ ಅಡ್ವಾನ್ಸ್ ತುಂಬಿ ಬಂದೇನಿ. ನಾಳೆ ಮುಂಜಾನೆ ಏಳಕ್ಕ ನೀವು ಅಡ್ಮಿಟ್ ಆಗೂದು. ತುಂಬಿದ್ದು ವಾಪಸ್ ಕೊಡೂದಿಲ್ಲಂತ."

ಭರತೇಶ ರಸೀದಿ ಕೇಳಿ ಕೈ ಚಾಚಿದ. "ಯಾವ ಜಡ್ಡಂತ ಬರಸೀಯೋ?"

"ಅದನ್ನ ನಾಳೆ ಅವ್ರ ಹುಡಕತಾರಂತ್ರಿ. ನೀವೇನ್ ಚಿಂತಿ ಮಾಡಬ್ಯಾಡ್ರಿ ದಾಜಿ. ನಿಮ್ಮ ಪಿಎಫ್ ಬಂದ ಮ್ಯಾಲ ನನ್ನ ಲಕ್ಷ ಕೊಟ್ರ ಸಾಕು."