ಐದಕ್ಕೆ ನಾಲ್ಕು

ಎಲ್ಲಕ್ಕೂ ಕಾರಣ ಒಂದು ಫೋಟೊ. ವೈದ್ಯಕೀಯ ಓದು ಮುಗಿದ ವರ್ಷ ಗೆಳೆಯರ ಜೊತೆ ಮನಾಲಿಗೆ ಹೋಗಿದ್ದ ವಿರೂಪಾಕ್ಷ, ಬಾಡಿಗೆಯ ಕೆಂಪು ಕೋಟು ತೊಟ್ಟು, ಎರಡು ಕೋಲು ಹಿಡಿದು, ಸ್ಕೀ ಹಲಗೆಗಳ ಮೇಲೆ ನಿಂತು ಒಂದು ಫೋಟೊ ತೆಗೆಸಿಕೊಂಡಿದ್ದ. ನಿಂತಿದ್ದನಷ್ಟೇ, ಒಂದಿಂಚೂ ಜಾರಿರಲಿಲ್ಲ. ಮುಂದೆ ಅವನ ತಾಯಿ ಜಾತಕದ ಜೊತೆ ಕಳಿಸಿದ್ದು ಅದೇ ಫೋಟೊ. ಹನ್ನೊಂದು ವರಗಳಲ್ಲಿ ದಾಕ್ಷಾಯಣಿ ಆರಿಸಿದ್ದು ಅವನನ್ನೇ.

"ಉಳಿದವರೆಲ್ಲ ಸ್ಟುಡಿಯೋದಲ್ಲಿ ಹೂಕುಂಡದ ಪಕ್ಕ ನಿಂತಿದ್ರು. ಇವರೊಬ್ಬರೇ ಬೆಟ್ಟದಿಂದ ಜಾರ್ತಿದ್ರು" ಎಂದು ಅವಳು ಮದುವೆಯಾಗಿ ಎಂಟು ವರ್ಷವಾದರೂ ಇಂಗ್ಲೆಂಡಿನ ಎಜ್‌ಬಾಸ್ಟನ್ನಿನ ಕನ್ನಡದ ಮನೆಗಳಲ್ಲೆಲ್ಲ ಹೇಳುತ್ತಾಳೆ. ಹೆಂಡತಿ ಅಷ್ಟು ಹೆಮ್ಮೆಪಡುವಾಗ ಅಡ್ಡಬಾಯಿ ಹಾಕಲು ಯಾವ ಗಂಡನಿಗೆ ಮನಸ್ಸು ಬಂದೀತು?

ಆ ಮಾತು ಕೇಳಿಯೇ ಡಾಕ್ಟರ್ ಗುರುಸಿದ್ದಪ್ಪನವರು ಪ್ರವಾಸ ಹೂಡಿದ್ದು. ಅವರು ಅಲ್ಲಿನ ಹಿರಿಯ ಜಿ.ಪಿ., ಅಂದರೆ ಬಡಾವಣೆಯ ಕುಟುಂಬ ವೈದ್ಯರು. ಯಾರೂ ಕರೆಯದಿದ್ದರೂ ಎಲ್ಲರ ಮನೆ ಕೆಲಸಕ್ಕೂ ಟೊಂಕ ಕಟ್ಟಿ ನಿಲ್ಲುವ ಮನುಷ್ಯ. ಫೆಬ್ರುವರಿ ರಜೆಯಲ್ಲಿ ನಾಲ್ಕು ದಿನ ಆಲ್ಪ್ಸ್, ಆರು ಕುಟುಂಬ, ಮುಂದಾಳು ವಿರೂಪಾಕ್ಷ ಎಂದು ಅವರೇ ತೀರ್ಮಾನಿಸಿಬಿಟ್ಟರು.

ವಿರೂಪಾಕ್ಷ ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್. ಚಳಿಗಾಲದುದ್ದಕ್ಕೂ ಸ್ಕೀಯಿಂಗ್ ಮಾಡಿ ಬಂದವರ ಮುರಿದ ಮಂಡಿಗಳನ್ನು ಪರದೆಯ ಮೇಲೆ ನೋಡುವುದೇ ಅವನ ಕೆಲಸ. ಮಂಡಿ ಹೋದರೆ ಹೋಗಲಿ, ಕಟ್ಟು ಹಾಕುತ್ತಾರೆ. ದಾಕ್ಷಾಯಣಿಯ ಕಣ್ಣೆದುರೇ ಮೊದಲ ಹೆಜ್ಜೆಗೆ ಅಂಗಾತ ಬಿದ್ದರೆ? ಎಂಟು ವರ್ಷದ ಆ ಹೆಮ್ಮೆಗೆ ಕಟ್ಟು ಹಾಕುವವರು ಯಾರು?

ಅವನಿಗೆ ಉಳಿದ ದಾರಿ ಒಂದೇ. ರೆಸಾರ್ಟಿನವರು ದಿನಾ ಪ್ರಕಟಿಸುವ ಹಿಮದ ವರದಿಯನ್ನು, ಅದರಲ್ಲೂ ಹಿಮಕುಸಿತದ ಅಪಾಯವನ್ನು ಐದರ ಲೆಕ್ಕದಲ್ಲಿ ಹೇಳುವ ಸಾಲನ್ನು, ಪ್ರವಾಸದ ವಾಟ್ಸಾಪ್ ಗುಂಪಿಗೆ ಹಾಕಿ ಎಲ್ಲರನ್ನೂ ಹೆದರಿಸುವುದು. ನಾಳೆ ವಿಮಾನ ಎನ್ನುವ ಶುಕ್ರವಾರ, ಏಳು ಗಂಟೆಗೇ ಬರೆದ: "ರಾತ್ರಿ ನಲವತ್ತು ಸೆಂಟಿಮೀಟರ್ ಹೊಸ ಹಿಮ. ಗಾಳಿ ಜೋರು. ಹಿಮಕುಸಿತ ಐದಕ್ಕೆ ಮೂರು!"

ಚಕ್ಕುಲಿ ಡಬ್ಬಿಗೆ ಟೇಪು ಸುತ್ತುತ್ತಿದ್ದ ದಾಕ್ಷಾಯಣಿ ಓದಿ, "ಮೂರು ಅಂದ್ರೆ ಹೇಗ್ರೀ?" ಎಂದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಗುರುಸಿದ್ದಪ್ಪನವರ ಧ್ವನಿಸಂದೇಶ ಮೊಳಗಿತು.

"ಐದಕ್ಕೆ ಮೂರು ಅಂದ್ರೆ ಅರವತ್ತು ಪರ್ಸೆಂಟು, ಫಸ್ಟ್ ಕ್ಲಾಸ್! ಚೆನ್ನಾಗಿ ನೋಡ್ಕೊಂಡಿದಾರೆ ರೆಸಾರ್ಟಿನೋರು. ಧೈರ್ಯವಾಗಿ ಬ್ಯಾಗ್ ಕಟ್ರಪ್ಪಾ!"

ಎಸ್ಸೆಸ್ಸೆಲ್ಸಿಯಲ್ಲಿ ರ‍್ಯಾಂಕ್ ಬಂದವರು. ಅಂಕ ಎಂದರೆ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಅವರ ರಕ್ತದಲ್ಲೇ ಇಳಿದುಹೋಗಿತ್ತು. ಹಿರಿಯರ ಮಾತು ಎಂದು ಗುಂಪಿನವರೆಲ್ಲ ಹೆಬ್ಬೆಟ್ಟು ಒತ್ತಿದರು.

ಮಧ್ಯಾಹ್ನ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಯಾರದೋ ಮಂಡಿ ನೋಡುತ್ತಿದ್ದಾಗ ಹೊಸ ವರದಿ ಬಂತು. ವಿರೂಪಾಕ್ಷನಿಗೆ ಕುರ್ಚಿಯಿಂದ ಎದ್ದು ಕುಣಿಯುವಂತಾಯಿತು. "ಹಿಮಕುಸಿತ ಈಗ ಐದಕ್ಕೆ ನಾಲ್ಕು!!" ಎಂದು ಬರೆದು ಪಕ್ಕದಲ್ಲಿ ಐದು ಕೆಂಪು ದೀಪ ಅಂಟಿಸಿದ.

"ಡಿಸ್ಟಿಂಕ್ಷನ್!" ಎಂದು ಗುರುಸಿದ್ದಪ್ಪನವರು ಕರೆಯನ್ನೇ ಮಾಡಿದರು. "ಒಂದೇ ದಿನದಲ್ಲಿ ಇಂಪ್ರೂವ್‌ಮೆಂಟ್ ನೋಡಿ ಡಾಕ್ಟ್ರೇ. ನಾವು ಹೋಗೋ ಹೊತ್ತಿಗೆ ಐದಕ್ಕೆ ಐದೂ ಬರತ್ತೆ."

"ಸಾರ್, ಅದು ಹಾಗಲ್ಲ..."

"ಸಂಕೋಚ ಪಡಬೇಡಿ, ನೀವು ವರದಿ ಕೊಡ್ತಿರೋದಕ್ಕೇ ನಮಗೆ ಈ ಧೈರ್ಯ" ಎಂದು ಅವರು ಫೋನು ಇಟ್ಟೇಬಿಟ್ಟರು.

ಇನ್ನು ಬರೆದು ಸುಖವಿಲ್ಲ ಎಂದು ವಿರೂಪಾಕ್ಷ ಕೆಲಸ ಮುಗಿದದ್ದೇ ಅವರ ಮನೆಗೆ ಓಡಿದ. ಗುರುಸಿದ್ದಪ್ಪನವರು ಹಜಾರದಲ್ಲಿ ಹೊಸ ಹೆಲ್ಮೆಟ್ ತೊಟ್ಟುಕೊಂಡೇ ಕಾಫಿ ಕುಡಿಯುತ್ತಿದ್ದರು. ಪಕ್ಕದಲ್ಲಿ ಮಗಳು ಗಾನವಿ.

"ಸಾರ್, ನಿಮ್ಮ ಕ್ಲಿನಿಕ್ಕಿಗೆ ಬರೋ ಪೇಷಂಟನ್ನ ಏನು ಕೇಳ್ತೀರಿ? ನೋವು ಹತ್ತಕ್ಕೆ ಎಷ್ಟು ಅಂತ ಅಲ್ವಾ?"

"ಹೌದು. ದಿನಾ ಕೇಳ್ತೀನಿ."

"ಒಂಬತ್ತು ಅಂದ್ರೆ ಡಿಸ್ಟಿಂಕ್ಷನ್ ಅಂತೀರಾ?"

ಗುರುಸಿದ್ದಪ್ಪನವರ ಲೋಟ ಅರ್ಧದಲ್ಲೇ ನಿಂತಿತು. ಗಾನವಿ ಫೋನಿನಿಂದ ತಲೆ ಎತ್ತದೆ, "ಡ್ಯಾಡ್, ಫೈವ್ ಈಸ್ ದ ವರ್ಸ್ಟ್. ಎವ್ರಿಬಡಿ ನೋಸ್ ದಟ್" ಎಂದಳು. ಅವರು ಮೆಲ್ಲಗೆ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟರು.

"ಅಯ್ಯೋ ದೇವರೇ, ಮಕ್ಕಳನ್ನೆಲ್ಲ ಕರ್ಕೊಂಡು ಹೊರಟಿದ್ನಲ್ಲಾ!" ಎಂದು ಅವರು ತಲೆ ಮೇಲೆ ಕೈ ಹೊತ್ತರು. ಕೂಡಲೇ ರೆಸಾರ್ಟಿಗೆ ಫೋನು ಹೋಯಿತು. ಪ್ರವಾಸ ಮುಂದಿನ ವರ್ಷಕ್ಕೆ ಎಂದು ರೆಸಾರ್ಟಿನವರೂ ಒಪ್ಪಿದರು. ವಿರೂಪಾಕ್ಷ ಮುಖ ಸಣ್ಣ ಮಾಡಿಕೊಂಡು ಹೊರಬಂದು, ಕಾರಿನೊಳಗೆ ಕೂತು ಮನಸಾರೆ ನಕ್ಕ.

ಮನೆ ತಲುಪಿ ಶೂ ಬಿಚ್ಚುತ್ತಿರುವಾಗಲೇ ಗುರುಸಿದ್ದಪ್ಪನವರ ಫೋನು.

"ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ, ಬೇರೆ ಏರ್ಪಾಡು ಮಾಡಿದೀನಿ. ಇಲ್ಲೇ ಅರ್ಧ ಗಂಟೆ ದಾರೀಲಿ ಒಂದು ದೊಡ್ಡ ಕಟ್ಟಡ ಇದೆ. ಒಳಗೇ ಹಿಮದ ಇಳಿಜಾರು. ಗಾಳಿ ಇಲ್ಲ, ಕುಸಿತ ಇಲ್ಲ. ನಾಳೆ ಹತ್ತು ಗಂಟೆಗೆ. ಲೆಸ್ಟರ್ ಊರಿನ ಕನ್ನಡದೋರಿಗೂ ಹೇಳಿದೀನಿ, ಅವರೂ ಒಂದು ಬಸ್ ಮಾಡ್ಕೊಂಡು ಬರ್ತಾರೆ, ನಿಮ್ಮನ್ನ ನೋಡೋಕೆ."

ವಿರೂಪಾಕ್ಷ ಒಂದು ಶೂ ಕೈಯಲ್ಲಿ ಹಿಡಿದೇ ಕೇಳಿದ. "ನನ್ನನ್ನಾ ಸಾರ್?"

"ನಿಜ ಹೇಳ್ಬೇಕಂದ್ರೆ ಆಲ್ಪ್ಸ್ ತಪ್ಪಿದ್ದೇ ಒಳ್ಳೇದಾಯ್ತು. ಅಲ್ಲಿ ನಮ್ಮನ್ನೆಲ್ಲ ನಾಲ್ಕೂ ದಿನ ಕೆಳಗಡೆ ಕಲಿಯೋರ ಕ್ಲಾಸಿಗೆ ಹಾಕಿದ್ರು, ದಾಕ್ಷಾಯಣಿನೂ ಸೇರಿ. ನಿಮಗೊಬ್ಬರಿಗೆ ಮಾತ್ರ ಮೇಲಿನ ಬೆಟ್ಟದ ಪಾಸು. ತಂತಿಗೆ ನೇತಾಡೋ ತೊಟ್ಟಿಲಲ್ಲಿ ಬೆಳಗ್ಗೆ ಮೇಲೆ ಹೋಗಿ ಸಂಜೆ ಇಳಿದು ಬರೋದು. ನಿಮ್ಮ ಸ್ಕೀಯಿಂಗ್ ನಾವ್ಯಾರೂ ನೋಡ್ತಾನೇ ಇರ್ಲಿಲ್ಲ!"

ಯಾರೂ ನೋಡದ ಬೆಟ್ಟ, ಅದರ ತುದಿಯಲ್ಲೊಂದು ಹೋಟೆಲು. ಬಿಸಿ ಕಾಫಿ, ಕಿಟಕಿ ಪಕ್ಕದ ಕುರ್ಚಿ, ಒಂದು ಪುಸ್ತಕ, ನಾಲ್ಕು ದಿನ. ಸಂಜೆ ತೊಟ್ಟಿಲಲ್ಲೇ ಕೂತು ಇಳಿದು ಬಂದು ಸುಸ್ತಾಯಿತು ಎಂದಿದ್ದರೆ ಸಾಕಿತ್ತು. ಅದೆಲ್ಲವನ್ನೂ ತನ್ನ ಕೈಯಾರೆ ತಪ್ಪಿಸಿಕೊಂಡಿದ್ದ.

ಒಳಗಿನಿಂದ ದಾಕ್ಷಾಯಣಿ ಓಡಿಬಂದಳು. ಆ ಮುಖದ ಬೆಳಕು ನೋಡಿದರೆ ನಿಜ ಹೇಳಲು ಯಾರಿಗೂ ನಾಲಿಗೆ ಏಳುತ್ತಿರಲಿಲ್ಲ.

"ರೀ, ಅಲ್ಲಿ ದೊಡ್ಡ ಗಾಜಿನ ಗೋಡೆ ಇದೆಯಂತೆ, ಇಳಿಜಾರು ಪೂರ್ತಿ ಕಾಣತ್ತಂತೆ! ಅಮ್ಮನೂ ಊರಿಂದ ವಿಡಿಯೊ ಕಾಲಲ್ಲಿ ಇರ್ತಾರೆ. ಮೊದಲು ನೀವೊಬ್ಬರೇ ಮೇಲಿಂದ ಬನ್ನಿ, ಆಮೇಲೆ ಮಿಕ್ಕೋರು."

ವಿರೂಪಾಕ್ಷ ತಲೆಯೆತ್ತಿ ಮೇಲಿನ ದೀಪ ನೋಡಿದ. "ದಾಕ್ಷಾ, ಅಲ್ಲಿ ಕರೆಂಟೇನಾದ್ರೂ ಹೋಗತ್ತಾ?"

"ಈ ಊರಲ್ಲಿ ಎಲ್ಲಿ ಹೋಗತ್ತೆ ರೀ ಕರೆಂಟು" ಎಂದು ನಕ್ಕು, ಅವಳು ಅವನ ಕೈಗವಸು ಹುಡುಕಲು ಮಹಡಿ ಹತ್ತಿದಳು.