ಹಗಲಲ್ಲಿ ಪರದೆ ಎಳೆದ ಮನೆ

ನನಗೊಂದು ಕೆಟ್ಟ ಚಾಳಿಯಿದೆ. ಸಂಜೆ ವಾಕಿಂಗ್ ಹೋದಾಗ ದೀಪ ಹಚ್ಚಿದ ಮನೆ ಕಂಡರೆ ಕಣ್ಣು ತಾನಾಗಿಯೇ ಕಿಟಕಿಯೊಳಗೆ ಹೋಗಿಬಿಡುತ್ತದೆ. ಸೋಫಾ ಯಾವ ಬಣ್ಣ, ಕುಂಡದಲ್ಲಿರುವುದು ನಿಜವಾದ ಗಿಡವೋ ಪ್ಲಾಸ್ಟಿಕ್ಕೋ, ಇಷ್ಟು ತಿಳಿದರೆ ಸಾಕು, ರಾತ್ರಿಯ ಊಟ ರುಚಿಸುತ್ತದೆ. ಪರರ ಮನೆಯೊಳಗೆ ಇಣುಕುವುದು ಪಾಪವೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರಿಂದ ನಾನು ನಿಂತು ನೋಡುವುದಿಲ್ಲ; ನಿಧಾನವಾಗಿ ನಡೆಯುತ್ತೇನೆ, ಅಷ್ಟೆ. ಆದರೆ ಅಮೆರಿಕದ ನಮ್ಮ ಸುವಾನಿಯಲ್ಲಿ ಈ ಚಾಳಿಗೆ ಆಸ್ಪದವೇ ಇಲ್ಲ. ಎಲ್ಲರ ಮನೆಯ ಕಿಟಕಿಗಳ ಬ್ಲೈಂಡ್ಸೂ ಮುಚ್ಚಿರುತ್ತವೆ, ನಮ್ಮದೂ ಸೇರಿ. ಗರಾಜಿನ ಬಾಗಿಲು ಏಳುತ್ತದೆ, ಕಾರನ್ನು ನುಂಗಿಕೊಂಡು ಇಳಿಯುತ್ತದೆ. ಎದುರು ಮನೆಯ ಸವಿತಾ ಮೈಸೂರಿನವರೇ. ಆದರೂ ಬಹಳ ವರ್ಷಗಳಿಂದ ನಾವಿಬ್ಬರೂ ಕಾರಿನಿಂದ ಕಾರಿಗೆ ಕೈ ಬೀಸಿಕೊಂಡೇ ಸ್ನೇಹ ಕಾಪಾಡಿಕೊಂಡಿದ್ದೇವೆ.

ಹೀಗಿರುವಾಗ ಹೋದ ಬೇಸಿಗೆಯ ರಜೆಗೆ ಯಜಮಾನರು, ಮಗಳು ದಿಯಾ ಮತ್ತು ನಾನು ಹಾಲೆಂಡಿನ ಕಾಟ್‌ವೈಕ್ ಎಂಬ ಕಡಲತೀರದ ಮೀನುಗಾರರ ಊರಿಗೆ ಹೋದೆವು. ನನ್ನಂಥವಳಿಗೆ ಅದು ಸ್ವರ್ಗ. ಇಟ್ಟಿಗೆಯ ಪುಟ್ಟ ಮನೆಗಳು, ಬೀದಿಗೇ ತೆರೆದ ದೊಡ್ಡ ಕಿಟಕಿಗಳು, ಒಂದಕ್ಕೂ ಪರದೆ ಎಳೆದಿಲ್ಲ! ಗಾಜು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು, ಅಷ್ಟು ಶುಭ್ರ. ಕಿಟಕಿಯ ಕಟ್ಟೆಯ ಮೇಲೆ ಜೋಡಿ ಹೂದಾನಿ, ಪಿಂಗಾಣಿಯ ನಾಯಿ, ಬೆರಳುದ್ದದ ಹಾಯಿದೋಣಿ. ನಾಯಿಯ ಮುಖ ಬೀದಿಗೆ, ಬೆನ್ನು ಮನೆಯವರಿಗೆ! ದಾರಿಹೋಕರ ಸಂತೋಷಕ್ಕೆಂದು ಮನೆ ಸಿಂಗರಿಸುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಾಳಿಯಲ್ಲಿ ಹಸಿ ಮೀನಿನ ವಾಸನೆಯಿತ್ತು. ಸಸ್ಯಾಹಾರಿಯಾದ ನಾನು ಅದನ್ನೂ ಮನಸಾರೆ ಕ್ಷಮಿಸಿದೆ.

ಆದರೆ ನಮ್ಮ ಬಾಡಿಗೆ ಮನೆಗೆ ಕಾಲಿಟ್ಟವಳೇ ಅಭ್ಯಾಸಬಲದಿಂದ ಪರದೆಗಳನ್ನೆಲ್ಲ ಎಳೆದುಬಿಟ್ಟೆ. ಸೂಟ್‌ಕೇಸುಗಳು ಬಾಯಿ ತೆರೆದು ಬಿದ್ದಿದ್ದವು, ಕುರ್ಚಿಯ ಮೇಲೆ ಒದ್ದೆ ಟವೆಲ್ಲು, ಮೇಜಿನ ಮೇಲೆ ಊರಿಂದ ಹೊತ್ತು ತಂದ ಕುಕ್ಕರು. ಪಂಚೆ ಉಟ್ಟು ಸೋಫಾದಲ್ಲಿ ಅಡ್ಡಾದ ಯಜಮಾನರು ಮರುದಿನ ಮಧ್ಯಾಹ್ನವಾದರೂ ಏಳಲಿಲ್ಲ. ನಾನೂ ದಿಯಾನೂ ಹೋಗಿ ಬ್ರೆಡ್ಡು ತಂದೆವು.

ಸ್ವಲ್ಪ ಹೊತ್ತಿಗೆ ಬೆಲ್ಲಾಯಿತು. ಪಕ್ಕದ ಮನೆಯ ಅಜ್ಜಿ, ಹೆಸರು ಮರೈಕೆ. ಕಪ್ಪು ಕೋಟು, ಕೈಯಲ್ಲಿ ಬಟ್ಟೆ ಮುಚ್ಚಿದ ಕೇಕು. ನನ್ನ ಕೈ ಹಿಡಿದು ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದರು: "ತೀರಿಕೊಂಡವರು ನಿಮ್ಮ ಗಂಡನೇ?"

ಮೆಟ್ಟಿಲ ಮೇಲಿದ್ದ ದಿಯಾ ಕಿರುಚಿದಳು, "ಅಮ್ಮಾ, ಷಿ ಥಿಂಕ್ಸ್ ಅಪ್ಪ ಈಸ್ ಡೆಡ್!"

ಆ ಬೀದಿಯ ಹಳಬರು ಹಗಲಲ್ಲಿ ಪರದೆ ಎಳೆಯುವುದು ಮನೆಯಲ್ಲಿ ಸಾವಾದಾಗ ಮಾತ್ರವಂತೆ. ಒಳಗೆ ಹೋದವರು ಮೂವರು, ಬ್ರೆಡ್ಡಿಗೆ ಬಂದವರು ಇಬ್ಬರು. ಲೆಕ್ಕ ಸರಿಯಾಗಿಯೇ ಇತ್ತು. "ಅಯ್ಯೋ ಇಲ್ಲ, ನಿದ್ದೆ ಮಾಡುತ್ತಿದ್ದಾರೆ" ಎಂದರೆ ಅಜ್ಜಿ ನಂಬಬೇಕಲ್ಲ! ನೇರ ಒಳಗೆ ಬಂದು ಪರದೆಯನ್ನು ಸರ್ರನೆ ಸರಿಸಿದರು. ಹೊರಗೆ ಇಬ್ಬರು ಅಜ್ಜಂದಿರು ಟೋಪಿ ತೆಗೆದು ಎದೆಗೊತ್ತಿಕೊಂಡು ನಿಂತಿದ್ದರು. ಬೆಳಕು ಬಿದ್ದದ್ದೇ ಯಜಮಾನರು ಪಂಚೆ ಹಿಡಿದುಕೊಂಡು ಎದ್ದು ಕೂತರು.

"ಏನೇ ಇದು? ಯಾರಿವ್ರು?"

"ಏನಿಲ್ಲ, ನೀವು ಬದುಕಿದ್ದೀರಂತೆ. ಎದ್ದು ಮುಖ ತೊಳ್ಕೊಳ್ಳಿ."

ಅಜ್ಜಂದಿರು ಟೋಪಿಯನ್ನು ಮತ್ತೆ ತಲೆಗೇರಿಸಿದರು. ಗಂಡ ಬದುಕಿದ್ದಕ್ಕೆ ನಾನು ಸಂತೋಷಪಡಬೇಕಿತ್ತು. ನನ್ನ ಚಿಂತೆಯೆಲ್ಲ ಆ ಟವೆಲ್ಲು, ಕುಕ್ಕರು ಬೀದಿಗೆಲ್ಲ ಕಂಡವಲ್ಲಾ ಎಂದು. ಭೂಮಿ ಬಾಯಿಬಿಡಬಾರದೇ ಅನ್ನಿಸಿ ಮತ್ತೆ ಪರದೆಗೆ ಕೈ ಹಾಕಿದೆ. ಮರೈಕೆ ತಡೆದರು. "ನಿಮ್ಮ ಪಾತ್ರೆ ಯಾರಿಗೆ ಬೇಕು? ನೀವು ಇದ್ದೀರಾ ಅಂತ ನೋಡುತ್ತೇವೆ. ನನ್ನ ಗಂಡ ದೋಣಿಯಲ್ಲಿ ವಾರಗಟ್ಟಲೆ ಹೋಗುತ್ತಿದ್ದಾಗ ಈ ಬೀದಿ ನನ್ನನ್ನು ನೋಡಿಕೊಂಡದ್ದು ಹೀಗೇ."

ನಾನು ಪರದೆಯಿಂದ ಕೈ ತೆಗೆದೆ. ಆ ವಾರವಿಡೀ ಗಾಜಿನ ಹಿಂದೆ ಬದುಕಿದೆವು. "ನಾನೇನು ಶೋಕೇಸ್ ಬೊಂಬೆನಾ?" ಎಂದು ಯಜಮಾನರು ಮೊದಲು ಗೊಣಗಿದರು. ದಿನಾ ಬೆಳಿಗ್ಗೆ ಆ ಅಜ್ಜಂದಿರು ಕಿಟಕಿಯ ಮುಂದೆ ನಿಂತು, ಇವರು ಕಾಫಿ ಲೋಟ ಎತ್ತಿ ತೋರಿಸಿದ ಮೇಲೇ ಮುಂದೆ ಹೋಗುತ್ತಿದ್ದರು. ಕೊನೆಕೊನೆಗೆ ಇವರೇ ಬೇಗ ಎದ್ದು ಅವರಿಗಾಗಿ ಕಾಯತೊಡಗಿದರು.

ಸುವಾನಿಗೆ ಮರಳಿದ ಮೇಲೆ ಧೈರ್ಯ ಮಾಡಿ ಮುಂಭಾಗದ ಬ್ಲೈಂಡ್ಸನ್ನೆಲ್ಲ ಮೇಲೆತ್ತಿದೆ. ಎರಡು ದಿನ ಕಳೆದು ಸವಿತಾ ಫೋನ್ ಮಾಡಿದರು. "ಏನ್ರೀ, ಮನೆ ತೋರ್ಸೋ ಹಾಗೆ ಬ್ಲೈಂಡ್ಸೆಲ್ಲ ಎತ್ತಿದ್ದೀರಿ, ಸೇಲ್‌ಗೆ ಹಾಕ್ತಿದ್ದೀರಾ? ಒಂದ್ ಮಾತೂ ಹೇಳ್ಲಿಲ್ಲ!"

"ಇಲ್ಲಾರೀ, ಸುಮ್ನೆ ತೆಗ್ದಿಟ್ಟಿದ್ದೀನಿ."

"ಸುಮ್ನೇನಾ?" ಆಮೇಲೆ ದನಿ ತಗ್ಗಿಸಿ, "ಎಲ್ರೂ ಚೆನ್ನಾಗಿದ್ದೀರಿ ತಾನೆ?" ಎಂದರು.

ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಮಾತು. "ಕಾಫಿಗೆ ಬನ್ನಿ, ಈಗ್ಲೇ ಬನ್ನಿ" ಎಂದುಬಿಟ್ಟೆ. "ಹತ್ತು ನಿಮಿಷ, ಬಂದೆ" ಎಂದರು.

ಫೋನಿಟ್ಟವಳೇ ಓಡಿಹೋಗಿ ಮೊದಲು ಬ್ಲೈಂಡ್ಸ್ ಇಳಿಸಿದೆ. ನಾನು ಹಾಗೆ ಎದ್ದುಬಿದ್ದು ಮನೆ ಗುಡಿಸುವುದು ಅವರ ಕಣ್ಣಿಗೆ ಬೀಳಬಾರದಲ್ಲ!