ಕಂಬಕ್ಕೆ ಹೆದರುವ ಲೈನ್‌ಮ್ಯಾನ್

ನನ್ನನ್ನು ಕಂಬಕ್ಕೆ ಹತ್ತಿಸಿದ್ದು ತಪ್ಪು. ಹತ್ತಿಸಿದವರು ಒಂದು ಮಾತು ಕೇಳಲಿಲ್ಲ, ಹತ್ತಿದ ನಾನು ಒಂದು ಮಾತು ಹೇಳಲಿಲ್ಲ. ಹನ್ನೊಂದು ವರ್ಷ ಹೀಗೇ ನಡೆಯಿತು.

ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ಕಡೆ ಕರೆಂಟಿನ ಲೈನ್ ನೋಡಿಕೊಳ್ಳುವ ಒಬ್ಬ ಗುತ್ತಿಗೆದಾರರ ಹತ್ತಿರ ನಾನು ಲೈನ್‌ಮ್ಯಾನ್. ಎತ್ತರ ಅಂದರೆ ನನಗೆ ಪ್ರಾಣಭಯ. ಅಟ್ಟಕ್ಕೆ ಏಣಿ ಇಟ್ಟಿದ್ದರೆ ಆ ಕೋಣೆಗೇ ಹೋಗುವವನಲ್ಲ. ನಗು ಬಂದರೆ ನಗಿ. ಆದರೆ ಇಂಥದ್ದು ನಮ್ಮೂರುಗಳಲ್ಲಿ ದಿನಾ ನಡೆಯುತ್ತದೆ. ಮಕ್ಕಳ ಗಲಾಟೆ ತಡೆಯಲಾರದವನು ಶಾಲೆಯಲ್ಲಿರುತ್ತಾನೆ, ರಕ್ತ ಕಂಡರೆ ತಲೆ ತಿರುಗುವವಳು ಆಸ್ಪತ್ರೆಯಲ್ಲಿರುತ್ತಾಳೆ. ಯಾರೂ ಬಾಯಿ ಬಿಡುವುದಿಲ್ಲ. ನನ್ನ ಪಾಲಿಗೆ ಬಂದದ್ದು ಕಂಬ.

ನಾನು ಆಯ್ಕೆಯಾದದ್ದು

ಸಾಗರದಲ್ಲಿ ಗುತ್ತಿಗೆದಾರರ ಗೋಡೌನಿನ ಹಿಂದೆ ಒಂದು ಸಿಮೆಂಟ್ ಕಂಬ ನೆಟ್ಟಿದ್ದರು. ಕೆಲಸ ಕೇಳಿಕೊಂಡು ಬಂದ ಒಂಬತ್ತು ಜನ ಅದನ್ನು ಹತ್ತಿ ತೋರಿಸಬೇಕು. ಎಂಟು ಜನ ಹತ್ತಿದರು, ಇಳಿದರು. ಕೊನೆಯವನು ನಾನು.

"ಅಪ್ಪ ಎಂತ ಮಾಡ್ತಾರೆ?" ಗುತ್ತಿಗೆದಾರರು ಕೇಳಿದರು.

"ಅಡಿಕೆ ಕೊನೆ ಕೊಯ್ತಾರೆ ಸಾರ್."

"ಮರ ಹತ್ತೋರ ಮಗನಾ! ಹಾಗಾದ್ರೆ ನಿಂದೇನು ಪರೀಕ್ಷೆ? ಸುಮ್ನೆ ಒಂದ್ಸಲ ಹತ್ತಿ ತೋರ್ಸು, ಇವ್ರೆಲ್ಲ ನೋಡ್ಲಿ."

ಹತ್ತುತ್ತಿದ್ದದ್ದು ಅಪ್ಪ. ನಾನು ಕೆಳಗೆ ನಿಂತು, ಹಗ್ಗದಲ್ಲಿ ಜಾರಿ ಬರುವ ಅಡಿಕೆ ಗೊನೆ ಹಿಡಿಯುತ್ತಿದ್ದೆ. ಅದನ್ನು ಹೇಳಬೇಕಿತ್ತು. ಆದರೆ ಆಗ ಕಂಬಕ್ಕಿಂತ ಗುತ್ತಿಗೆದಾರರ ಭಯ ದೊಡ್ಡದಿತ್ತು. ಕಣ್ಣು ಮುಚ್ಚಿಕೊಂಡು ಹತ್ತಿಬಿಟ್ಟೆ. ತುದಿಯಲ್ಲಿ ಕಣ್ಣು ಬಿಟ್ಟರೆ ರಸ್ತೆಯಲ್ಲಿ ನಿಂತ ಬಸ್ಸಿನ ನೆತ್ತಿ ಕಂಡಿತು. ಬಸ್ಸಿನ ನೆತ್ತಿ ಕಾಣುವ ಜಾಗದಲ್ಲಿ ಮನುಷ್ಯ ಇರಬಾರದು. ಎರಡು ಕೈ, ಎರಡು ಕಾಲು, ಗಲ್ಲ, ಐದರಲ್ಲೂ ಕಂಬವನ್ನು ಅಪ್ಪಿ ಹಿಡಿದೆ. ಐದು ನಿಮಿಷವಾಯಿತು. ಕಾಲು ಗಂಟೆಯಾಯಿತು. ಇಳಿಯಲು ಒಂದು ಬೆರಳೂ ಒಪ್ಪಲಿಲ್ಲ.

ಕೆಳಗಿಂದ ಗುತ್ತಿಗೆದಾರರ ದನಿ ಕೇಳಿಸಿತು: "ನೋಡ್ರೋ ಸರಿಯಾಗಿ! ನೀವೆಲ್ಲ ತುದಿ ಮುಟ್ಟಿದ್ದೇ ಓಡಿ ಬಂದ್ರಿ. ಇವ್ನಿಗೆ ಇಳಿಯೋ ಮನಸ್ಸೇ ಇಲ್ಲ!"

ಕೊನೆಗೆ ಹೇಗೋ ಇಳಿದೆ. ಒಂಬತ್ತು ಜನರಲ್ಲಿ ಮೊದಲ ಹೆಸರು ನನ್ನದೇ.

ಕಂಬದ ಮೇಲಿನ ಭಾಷಣ

ಮೇಲೆ ಹೋದಾಗ ಮೊಣಕಾಲು ಕಂಬಕ್ಕೆ ಬಡಿಯುತ್ತಿತ್ತು. ಆ ಸದ್ದು ಕೇಳಿದರೆ ಭಯ ಇನ್ನೂ ಹೆಚ್ಚು. ಅದನ್ನು ಮುಚ್ಚಿಹಾಕಲು ಬೈಯುವುದನ್ನು ಕಲಿತೆ. ರಸ್ತೆ ಮಾಡದವರನ್ನು, ಪಡಿತರ ಅಂಗಡಿಯಲ್ಲಿ ಕಾಯಿಸುವವರನ್ನು, ಅರ್ಜಿ ಕಳೆದುಹಾಕುವ ಕಚೇರಿಗಳನ್ನು, ಎಲ್ಲರನ್ನೂ ಮೇಲಿಂದ ಕೂಗಿ ಕೂಗಿ ಬೈಯುತ್ತಿದ್ದೆ. ಬೈಯುವುದಕ್ಕೆ ವಿಷಯ ಬೇಕಲ್ಲ, ಹಾಗಾಗಿ ಪೇಪರ್ ಓದಲು ಶುರುಮಾಡಿದೆ. ಮಾಹಿತಿ ಹಕ್ಕಿನ ಅರ್ಜಿ ಬರೆಯುವುದನ್ನೂ ಒಬ್ಬನೇ ಕಲಿತೆ. ಜನ ನನ್ನನ್ನು ಹೋರಾಟಗಾರ ಅಂದರು. ಕಂಬ ಹತ್ತುವ ಕೆಲಸ ಕೊಡದಿದ್ದರೆ ನಾನು ಹೋರಾಟಕ್ಕೇ ಬರುತ್ತಿರಲಿಲ್ಲ.

ಒಮ್ಮೆ ಕೋಣಂದೂರಿನ ಹತ್ತಿರ ತಂತಿಯ ಮೇಲೆ ಕೊಂಬೆ ಬಿದ್ದಿತ್ತು. ಹತ್ತಿದೆ. ಹಿಂದಿನ ರಾತ್ರಿ ಜೋರು ಗಾಳಿ ಬೀಸಿತ್ತು, ಕಂಬ ಸ್ವಲ್ಪ ವಾಲಿತ್ತು. ಅವತ್ತಿನ ಭಯಕ್ಕೆ ಒಂದು ತಾಲೂಕು ಸಾಲಲಿಲ್ಲ, ರಾಜಧಾನಿಯವರೆಗೂ ಬೈದೆ. ಕೆಳಗೆ ಇಪ್ಪತ್ತು ಜನ ಸೇರಿದರು. ಕೆಲವರು ಚಪ್ಪಾಳೆ ತಟ್ಟಿದರು. ನನಗೂ ಹುರುಪು ಬಂತು. ಕೊಂಬೆ ಹಾಗೇ ಉಳಿಯಿತು.

ಎದುರು ಮನೆಯ ಅಜ್ಜಿ ಕೈಯಲ್ಲಿ ದೋಸೆ ಹಿಟ್ಟಿಗೆ ನೆನೆಸಿದ ಅಕ್ಕಿಯ ಪಾತ್ರೆ ಹಿಡಿದು ಬಂದರು.

"ಎಂತದಾ ಮಾರಾಯಾ, ಇಷ್ಟೊತ್ತಿಂದ ಕೂಗ್ತಿದೀಯಲ್ಲಾ, ಗಂಟಲು ಹೋಗ್ತದೆ."

"ಅನ್ಯಾಯ ಕಂಡ್ರೆ ಸುಮ್ನಿರ್ಬಾರ್ದು ಅಜ್ಜೀ!"

"ಅದು ಸರಿ ಕಣಾ. ಮೊದ್ಲು ಕರೆಂಟ್ ಕೊಡು. ಆಮೇಲೆ ಮೈಕ್ ಹಾಕ್ಕೊಂಡು ಬೈಯುವಿಯಂತೆ."

ಫೋನಿಗೆ ಹೆದರುವವನು

ನಮ್ಮದೇ ಗುತ್ತಿಗೆಯಲ್ಲಿ ಸಾಗರದ ಆಫೀಸಿನಲ್ಲಿ ದೂರಿನ ಫೋನ್ ಎತ್ತುವವನೊಬ್ಬನಿದ್ದ. ದುಂಡನೆ ಅಕ್ಷರ, ಮೆದು ಮಾತು. ಅಕ್ಷರ ಚೆನ್ನಾಗಿದೆ ಅಂತ ಅವನನ್ನು ಕುರ್ಚಿಗೆ ಕೂರಿಸಿದ್ದರು. ಫೋನ್ ಬಡಿದುಕೊಂಡರೆ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಕರೆಂಟ್ ಹೋದ ಮನೆಯವರು ಹೇಗೆ ಮಾತಾಡುತ್ತಾರೆ ಅಂತ ನಿಮಗೆ ಗೊತ್ತಿದೆ, ನೀವೂ ಹಾಗೇ ಮಾತಾಡಿದ್ದೀರಿ. ಅವನು ಫೋನಿನ ಮೇಲೆ ಟವೆಲ್ ಮುಚ್ಚಿಡುತ್ತಿದ್ದ. ಊಟದ ಹೊತ್ತಿಗೆ ಹಿತ್ತಲಿನ ಹಲಸಿನ ಮರ ಹತ್ತಿ, ಕವಲಿನಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದ. "ಇಲ್ಲಿ ಫೋನ್ ಕೇಳ್ಸೋದಿಲ್ಲ" ಅನ್ನುತ್ತಿದ್ದ. ಕೆಳಗೆ ನಿಂತು ಅವನನ್ನು ನೋಡಿದರೇ ನನಗೆ ತಲೆ ಸುತ್ತುತ್ತಿತ್ತು.

ಒಂದು ದಿನ ಅವನು ಮರದ ಮೇಲಿದ್ದಾಗ ಫೋನ್ ಬಡಿದುಕೊಂಡಿತು. ನಾನೇ ಎತ್ತಿದೆ. ವರದಮೂಲದ ಕಡೆಯಿಂದ ಒಬ್ಬರು ಹಿರಿಯರು.

"ಎರಡು ದಿನ ಆತು, ಕರೆಂಟ್ ಇಲ್ಲೆ! ನಿಂಗೊ ಎಂತ ನಿದ್ದೆ ಹೊಡಿತಾ ಇದ್ರಾ?"

"ಎರಡು ದಿನ ನೀವೆಂತ ಮಾಡ್ತಿದ್ರಿ? ಇವತ್ತು ಫೋನ್ ಮಾಡ್ತಿದೀರಿ!" ಅಂತ ನಾನೂ ಏರಿಸಿದೆ.

ಅವರು ಏರಿಸಿದರು, ನಾನು ಏರಿಸಿದೆ. ಹಾಗೇ ಮಾತು ರಸ್ತೆಗೆ ಹೋಯಿತು, ರಸ್ತೆಯಿಂದ ಸೇತುವೆಗೆ ಹೋಯಿತು. ಇಬ್ಬರೂ ಸೇರಿ ಮೂರನೆಯವರನ್ನು ಬೈದೆವು. ನಡುವೆ ಅವರ ಮನೆ ಹತ್ತಿರದ ಕಂಬದ ನಂಬರ್ ಬರೆದುಕೊಂಡೆ. ಸಂಜೆಯೊಳಗೆ ಜನ ಕಳಿಸುತ್ತೇನೆ ಅಂದೆ, ಕಳಿಸಿದೆ. ನನ್ನ ಮೊಣಕಾಲು ಒಮ್ಮೆಯೂ ನಡುಗಲಿಲ್ಲ ಅನ್ನುವುದು ಫೋನ್ ಇಟ್ಟ ಮೇಲೆ ಗಮನಕ್ಕೆ ಬಂತು.

ಮಾರನೆಯ ದಿನ ಅದೇ ಹಿರಿಯರ ಫೋನ್. ಎತ್ತಿದವನು ನಮ್ಮ ಮೆದು ಮಾತಿನವನು. "ಕರೆಂಟ್ ಬಂತಾ ಸಾರ್?" ಅಂದ.

"ಬಂಜು, ಬಂಜು, ಬಲ್ಬ್ ಉರೀತಾ ಇದ್ದು. ಆ ನಿನ್ನೆಯವ್ನ ಹತ್ರ ಕೊಡು. ಮಾತು ಅರ್ಧಕ್ಕೇ ನಿಂತೋಯ್ದು."

ನಲವತ್ತು ಪ್ರಶ್ನೆ

ತೀರ್ಥಹಳ್ಳಿಯಲ್ಲಿ ಒಂದು ಸಭಾಂಗಣ ಹಿಡಿದು ನಮಗೆಲ್ಲ ತರಬೇತಿ ಇಟ್ಟರು. ಹೊರಗಿನಿಂದ ಒಬ್ಬ ಮೇಡಂ ಬಂದಿದ್ದರು. ನಿಮ್ಮ ಸ್ವಭಾವ ಯಾವುದು, ಅದಕ್ಕೆ ಒಪ್ಪುವ ಕೆಲಸ ಯಾವುದು ಅಂತ ತಿಳಿಯುವುದಕ್ಕೆ ನಲವತ್ತು ಪ್ರಶ್ನೆಯ ಕಾಗದ ಹಂಚಿದರು. ಜನರ ಜೊತೆ ಇರುವುದು ಇಷ್ಟವೋ, ಒಬ್ಬರೇ ಇರುವುದು ಇಷ್ಟವೋ? ಕೈಕೆಲಸವೋ, ಮಾತೋ? ಕೊನೆಯ ಪ್ರಶ್ನೆ: ನಿಮ್ಮ ಕೆಲಸದಲ್ಲಿ ನಿಮಗೆ ಭಯ ಹುಟ್ಟಿಸುವುದು ಯಾವುದು?

ಗುತ್ತಿಗೆದಾರರು ಹಿಂದಿನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಇನ್ನು ನಿಜ ಬರೆಯುವವರು ಯಾರು? ನಮ್ಮ ಹಿರಿಯ ಲೈನ್‌ಮ್ಯಾನ್ ಏನು ಬರೆದರೋ ಅದನ್ನೇ ಪಕ್ಕದವನು ಬರೆದ, ಅವನದನ್ನು ನೋಡಿ ನಾನು, ನನ್ನದನ್ನು ನೋಡಿ ಫೋನಿನವನು. ಭಯದ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ: ಇಲ್ಲ.

ಮೇಡಂ ಕಾಗದಗಳನ್ನು ತಿರುವಿ ಹಾಕಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ತಿರುವಿದರು. "ನಿಮ್ಮ ಇಪ್ಪತ್ತಾರು ಜನಕ್ಕೂ ನಾಯಕನ ಸ್ವಭಾವ ಬಂದಿದೆ" ಅಂದರು.

ಅಷ್ಟು ಹೇಳುವಾಗ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬೀಳುತ್ತಿದ್ದ ಚಿತ್ರ ಮಾಯವಾಯಿತು. ಸಭಾಂಗಣದಲ್ಲಿ ಇಪ್ಪತ್ತಾರು ಕರೆಂಟಿನವರು, ಒಬ್ಬರೂ ಏಳಲಿಲ್ಲ.

"ಯಾರಾದ್ರೂ ಹೋಗಿ ನೋಡ್ರಪ್ಪಾ" ಮೇಡಂ ಅಂದರು.

ಹಿರಿಯ ಲೈನ್‌ಮ್ಯಾನ್ ಕೂತಲ್ಲಿಂದಲೇ ಹೇಳಿದರು: "ನಾಯಕ್ರು ಹತ್ತೋದಿಲ್ಲ ಮೇಡಂ."

ಹೊರಡುವಾಗ ಮೇಡಂ ಅದೇ ಪ್ರಶ್ನೆಗಳ ಖಾಲಿ ಕಾಗದ ಒಂದೊಂದು ಎಲ್ಲರ ಕೈಗೂ ಕೊಟ್ಟರು. "ಇವತ್ತು ನೀವು ಬರೆದದ್ದು ಹಿಂದಿನ ಕುರ್ಚಿಗೆ. ಮನೆಗೆ ಹೋಗಿ ನಿಮಗೋಸ್ಕರ ಒಂದ್ಸಲ ಬರೀರಿ" ಅಂದರು. ನಾನು ಬರೆದೆ. ಮಾತು, ಜನ, ಜಗಳ, ನೆಲ. ನಲವತ್ತನೆಯದಕ್ಕೆ: ಕಂಬ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಮಾತನ್ನು ಅಕ್ಷರದಲ್ಲಿ ನೋಡಿದೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದೆ. ತೋರಿಸುವ ಧೈರ್ಯ ಬರಲಿಲ್ಲ. ಇಡೀ ಸರ್ಕಾರವನ್ನು ಬೈಯುವವನು ಒಂದು ಹಾಳೆಗೆ ಹೆದರಿದೆ.

ಕೊಕ್ಕೆ

ಅದಾಗಿ ಎರಡು ವಾರ. ಹೊಸನಗರದ ಹತ್ತಿರ ಒಂದು ಏರುದಾರಿಯ ಪಕ್ಕದ ಕಂಬ. ಲೈನ್ ಆಫ್ ಮಾಡಿಸಿ ಹತ್ತಿದೆ. ಕೆಲಸ ಇದ್ದದ್ದು ಹತ್ತು ನಿಮಿಷದ್ದು. ಬೈದುಕೊಂಡೇ ತಂತಿ ಬಿಗಿದೆ. ಮುಗಿಯಿತು ಅಂತ ಸೊಂಟದ ಬೆಲ್ಟಿನ ಕೊಕ್ಕೆ ಬಿಚ್ಚಲು ಕೈ ಹಾಕಿದರೆ, ಬಿಚ್ಚುವುದಕ್ಕೆ ಏನೂ ಇರಲಿಲ್ಲ. ಹಾಕಿಯೇ ಇರಲಿಲ್ಲ. ಎರಡೂ ಕೈ ಬಿಟ್ಟು ಕೆಲಸ ಮಾಡಿದ್ದೆ.

ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಭಯವನ್ನು ಮರೆಯುವ ಗಲಾಟೆಯಲ್ಲಿ ಕೊಕ್ಕೆಯನ್ನು ಮರೆತಿದ್ದೆ. ಬಾಯಿ ನಿಂತುಹೋಯಿತು. ಕೆಳಗಿದ್ದ ಹಿರಿಯ ಲೈನ್‌ಮ್ಯಾನ್ ಗಾಬರಿಯಾದರು.

"ಏನಾಯ್ತಾ? ಬೈಯೋದು ಯಾಕೆ ನಿಲ್ಸಿದೆ?"

"ಅಣ್ಣಾ, ಬೆಲ್ಟ್ ಹಾಕಿಲ್ಲ."

ಅವರು ಏಣಿ ತಂದು ಆನಿಸಿದರು, ಹತ್ತಿ ಬಂದು ನನ್ನ ಬೆಲ್ಟಿನ ಕೊಕ್ಕೆ ಹಾಕಿದರು, ನನ್ನ ಒಂದೊಂದು ಬೆರಳನ್ನೂ ಬಿಡಿಸಿದರು. ಇಳಿಸುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ನೆಲ ಮುಟ್ಟಿದ ಮೇಲೆ ಅವರೂ ಕೂತರು, ನಾನೂ ಕೂತೆ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು ಸ್ಕೂಟಿ ನಿಲ್ಲಿಸಿ ನಮ್ಮಿಬ್ಬರ ಮುಖ ನೋಡಿದರು.

"ಎಷ್ಟು ಕಷ್ಟದ ಕೆಲ್ಸ ಅಲ್ದಾ ನಿಮ್ದು!" ಅಂದರು.

ಹಿರಿಯರು ಬೆವರು ಒರೆಸಿಕೊಂಡು ಅಂದರು: "ಹತ್ತೋದು ಸುಲಭನೇ ಅಮ್ಮಾ. ಇವ್ನನ್ನ ಇಳಿಸೋದೇ ಕಷ್ಟ."

ಕೈ ಎತ್ತಿದವರು

ಮಾರನೆಯ ಬೆಳಿಗ್ಗೆ ಗೋಡೌನಿನಲ್ಲಿ ಹಾಜರಿ. ನಾನು ಜೇಬಿನ ಕಾಗದ ತೆಗೆದು ಗುತ್ತಿಗೆದಾರರ ಮೇಜಿನ ಮೇಲಿಟ್ಟೆ. ಕೆಲಸ ಹೋಗುತ್ತದೆ ಅಂತಲೇ ಲೆಕ್ಕ ಹಾಕಿದ್ದೆ. ಮನೆಯಲ್ಲಿ ಹೇಳಿಯೂ ಬಂದಿದ್ದೆ.

"ಸಾರ್, ನಂಗೆ ಎತ್ತರ ಅಂದ್ರೆ ಭಯ. ಮೊದ್ಲಿಂದ್ಲೂ. ನಿನ್ನೆ ಬೆಲ್ಟ್ ಹಾಕದೆ ಮೇಲಿದ್ದೆ. ಇನ್ನು ನಾನು ಹತ್ತೋದಿಲ್ಲ. ನಂಗೆ ಫೋನ್ ಕೊಡಿ."

ಯಾರೋ ಕಿಸಕ್ಕೆಂದರು. ಗುತ್ತಿಗೆದಾರರು ಕಾಗದ ಓದಿದರು. ತುಂಬ ಹೊತ್ತು ಓದಿದರು. ಆಮೇಲೆ ತಲೆಯೆತ್ತಿ, "ಇನ್ನು ಯಾರ್ಯಾರಿಗೆ ಯಾವ್ಯಾವ ಭಯ ಇದೆ? ಕೈ ಎತ್ರೋ, ಒಟ್ಟಿಗೇ ಮುಗ್ದೋಗ್ಲಿ" ಅಂದರು.

ಮೂಲೆಯಲ್ಲಿ ಫೋನಿನವನ ಕೈ ಮೆಲ್ಲಗೆ ಮೇಲೆದ್ದಿತು. "ನಂಗೆ ಫೋನು ಸಾರ್. ಕಂಬ ಕೊಟ್ರೆ ಹತ್ತೋದು ಕಲೀತೀನಿ."

ಅವನ ಹಿಂದೆ ಜೀಪಿನ ಡ್ರೈವರ್ ಕೈ ಎತ್ತಿದ: "ನಂಗೆ ರಿವರ್ಸ್ ಅಂದ್ರೆ ಭಯ." ಎಷ್ಟೋ ದಿನದಿಂದ ನಾವು ಯಾಕೆ ಊರು ಸುತ್ತಿ ಬರುತ್ತಿದ್ದೆವು ಅಂತ ಅವತ್ತು ತಿಳಿಯಿತು.

ಮೂರನೆಯ ಕೈ ಹಿರಿಯ ಲೈನ್‌ಮ್ಯಾನ್ ಅವರದು. ಎಲ್ಲರೂ ತಿರುಗಿ ನೋಡಿದೆವು. ಮೂರು ತಾಲೂಕಿನಲ್ಲಿ ಅವರು ಹತ್ತದ ಕಂಬವಿಲ್ಲ.

"ನಂಗೆ ನಾಯಿ ಭಯ" ಅಂದರು. "ಯಾವ ಕೇರಿಗೆ ಹೋದ್ರೂ ಬೆನ್ನಟ್ಕೊಂಡು ಬರ್ತವೆ. ಅದಕ್ಕೇ ಹೋದ್ ಕೂಡ್ಲೆ ಹತ್ತಿಬಿಡ್ತೀನಿ."

ಗೋಡೌನ್ ನಗುವಿನಲ್ಲಿ ಅದುರಿತು. ನಗು ಇಳಿಯುವ ಹೊತ್ತಿಗೆ ಮೇಜಿನ ಹಿಂದೆ ಇನ್ನೊಂದು ಕೈ ಮೇಲಿತ್ತು. ಗುತ್ತಿಗೆದಾರರದ್ದು. ಯಾರ ಮುಖವನ್ನೂ ನೋಡದೆ, ನನ್ನ ಕಾಗದವನ್ನೇ ನೋಡುತ್ತಾ ಅವರು ಹೇಳಿದರು:

"ನಂಗೆ ಕರೆಂಟ್ ಅಂದ್ರೇನೇ ಭಯ ಮಾರಾಯಾ. ಮನೇಲಿ ಬಲ್ಬ್ ಹಾಕೋದು ನಮ್ಮನೆಯವ್ಳು. ನಾನು ಟಾರ್ಚ್ ಹಿಡ್ಕೊಂಡು ಅಂಗಳದಲ್ಲಿ ನಿಂತಿರ್ತೀನಿ."

ಈಗ ಫೋನಿನ ಹತ್ತಿರ ನಾನಿದ್ದೇನೆ. ಮೆದು ಮಾತಿನವನು ಹಿರಿಯ ಲೈನ್‌ಮ್ಯಾನ್ ಜೊತೆ ತಿಂಗಳುಗಟ್ಟಲೆ ಕಲಿತು ಈಗ ಕಂಬದ ಮೇಲಿದ್ದಾನೆ. ಮೊದಲು ಕೊಕ್ಕೆ ಹಾಕುತ್ತಾನೆ, ಆಮೇಲೆ ಸಿಳ್ಳೆ ಹಾಕುತ್ತಾನೆ. ಎಲ್ಲರಿಗೂ ಇಷ್ಟು ಸುಲಭಕ್ಕೆ ಆಗುವುದಿಲ್ಲ, ನನಗೂ ಗೊತ್ತು. ಬಾಯಿ ಬಿಟ್ಟದ್ದಕ್ಕೆ ಮನೆಗೆ ಕಳಿಸುವ ಧಣಿಗಳೂ ಇದ್ದಾರೆ. ಅವರ ಜೊತೆ ಜಗಳ ಇದ್ದೇ ಇದೆ, ಅದಕ್ಕೆ ನಾನೂ ಬರುತ್ತೇನೆ. ಆದರೆ ಮೊದಲ ಮಾತು ನೀವೇ ಹೇಳಬೇಕು. ಓದಿದ್ದು ಸಾಕು, ಕಾಗದ ತೆಗೆಯಿರಿ. ನಿಮ್ಮ ಕೆಲಸದಲ್ಲಿ ಯಾವುದಕ್ಕೆ ಹೆದರುತ್ತೀರಿ, ಯಾವುದನ್ನು ಮಾಡುವಾಗ ನಿಮ್ಮ ಮೊಣಕಾಲು ನಡುಗುವುದಿಲ್ಲ, ಎರಡನ್ನೂ ಬರೆಯಿರಿ. ನಾಳೆ ಹಾಜರಿಗೆ ಮೊದಲು ನಿಮ್ಮ ಮೇಲಿನವರ ಮೇಜಿನ ಮೇಲಿಡಿ. ಇಟ್ಟು ಓಡಿಬರಬೇಡಿ, ಅವರು ಓದಿ ಮುಗಿಸುವವರೆಗೆ ಅಲ್ಲೇ ನಿಲ್ಲಿ.